ತಿಂಜಾನ್ ವಿಡಿಯೋ ಹಾಕುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಮ್ಯಾನ್ಮಾರ್‌ನ ಹೊಸ ವರ್ಷದ ಹಬ್ಬ ತಿಂಜಾನ್‌ನ ನೀರಾಟದ ವಿಡಿಯೋಗಳು ಗುಂಪಿನಲ್ಲಿ ಜಾಸ್ತಿ ಬರುತ್ತಿವೆ. ಹಾಕಿ, ಆದರೆ ಯಾವ ವರ್ಷದ್ದು, ಎಲ್ಲಿಯದು ಅಂತ ನೋಡಿ ಹಾಕಿ.

ತಿಂಜಾನ್ ಬರುವುದು ಏಪ್ರಿಲ್ ನಡುವೆ, ನಮ್ಮ ತುಳುನಾಡಿನ ಬಿಸು ಹಬ್ಬದ ಆಸುಪಾಸಿನಲ್ಲೇ. ಹಳೇ ವರ್ಷದ ಕೊಳೆ ಹೋಗಲಿ ಅಂತ ನೀರೆರಚುತ್ತಾರೆ, ಹಿರಿಯರಿಗೆ ತಲೆ ತೊಳೆಸುತ್ತಾರೆ, ತಾಳೆಬೆಲ್ಲ ತುಂಬಿದ ಅಕ್ಕಿಹಿಟ್ಟಿನ ಉಂಡೆ ಬೇಯಿಸಿ ಬಂದವರಿಗೆಲ್ಲ ಹಂಚುತ್ತಾರೆ. ಎಷ್ಟು ಚೆಂದ ಅಲ್ವಾ?

2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಕಸಿದುಕೊಂಡಿತು. ಆ ಏಪ್ರಿಲ್‌ನಲ್ಲಿ ಬಹಳ ಜನ ನೀರಾಟವನ್ನೇ ಬಿಟ್ಟರು. ಹಬ್ಬದ ಮಡಕೆಗಳಲ್ಲಿ ಹೂವು, ಎಲೆ ಇಟ್ಟು, ಮೇಲೆ ಪ್ರತಿಭಟನೆಯ ಗುರುತಾದ, ಮೂರು ಬೆರಳು ಎತ್ತಿದ ಕೈಯ ಚಿತ್ರ ಬರೆದು ಬೀದಿಯಲ್ಲಿ ಸಾಲಾಗಿ ಜೋಡಿಸಿದರು. ಮುಂದೆ ಸೇನಾ ಸರ್ಕಾರವೇ ವೇದಿಕೆ ಹಾಕಿಸಿ ಹಬ್ಬ ಮಾಡಿಸಿತು. ಅಂಥ ವಿಡಿಯೋ ನೋಡಿ ಸುಮ್ನೆ 'ಅಲ್ಲೀಗ ಎಲ್ಲ ಸರಿಹೋಯ್ತು' ಅಂತ ಬರೆಯಬೇಡಿ. 2025ರಲ್ಲಂತೂ ಮಾರ್ಚ್ 28ರ ಭೂಕಂಪದಿಂದ ಮಾಂಡಲೆ ಕಡೆ ಎಷ್ಟೋ ಜನ ಬಯಲಲ್ಲೇ ಮಲಗುತ್ತಿದ್ದರು.

ಇನ್ನೊಂದು ಮಾತು. ಪ್ರತಿಭಟನೆ ಮಾಡುವವರ ಮುಖ ಕಾಣುವ ಫೋಟೋ ದಯವಿಟ್ಟು ಹಂಚಲೇಬೇಡಿ, ಅವರ ಜೀವಕ್ಕೇ ಅಪಾಯ.