ಮುಖದ ಹಿಂದಿನ ಮನೆಯೂ ಬರಲಿ

ಚಿ. ಸೌ. ಮಗಳಿಗೆ, ಬಾಗಲಕೋಟೆ ನವನಗರದಿಂದ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಾವು ಇಲ್ಲಿ ಆರಾಮ ಇದ್ದೇವೆ. ನಿನ್ನ ಕಾಕೂನ ಮೊಣಕಾಲು ನೋವು ಈಗ ಕಡಿಮೆ. ಬೆಳಗಾವಿಯಲ್ಲಿ ಮಳೆ ಜೋರು ಹಿಡಿದಿದೆ ಅಂತ ನಮ್ಮಣ್ಣ, ಅಂದರೆ ನಿಮ್ಮಪ್ಪ, ಹೇಳಿದ. ಮಕ್ಕಳನ್ನು ಜೋಪಾನ ಮಾಡು.

ಮಕ್ಕಳ ಫೋಟೋ ತೆಗೆಯೋದಕ್ಕೆ ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳಿದ್ದೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸದ್ಯಕ್ಕೆ ಯಾವ ಕ್ಯಾಮೆರಾನೂ ಬೇಡ. ನಿನ್ನ ಕೈಯಲ್ಲಿರುವ ಫೋನು ಸಾಕು. ಕ್ಯಾಮೆರಾ ಕಪಾಟಿನಲ್ಲಿ ಇರುತ್ತದೆ, ಫೋನು ಕೈಯಲ್ಲಿ ಇರುತ್ತದೆ. ಮಗು ಏನಾದರೂ ಮಾಡುವ ಹೊತ್ತಿಗೆ ಕಪಾಟು ತೆಗೆಯುತ್ತಾ ಕೂರುವುದಕ್ಕೆ ಆಗುವುದಿಲ್ಲ.

ನೀನು ಕಳಿಸಿದ ಫೋಟೋಗಳನ್ನೆಲ್ಲ ಒಂದು ಮಧ್ಯಾಹ್ನ ಕೂತು ನೋಡಿದೆ. ಮಕ್ಕಳು ಚೆಂದ ಬಂದಿದ್ದಾರೆ. ಬೆಳಕು ಸರಿ ಇದೆ, ಕಣ್ಣಲ್ಲಿ ಹೊಳಪು ಇದೆ. ಆದರೆ ಎಲ್ಲದರಲ್ಲೂ ಮುಖ ಮಾತ್ರ. ಪೋರ್ಟ್ರೇಟ್ ಅಂತ ಇರುತ್ತದಲ್ಲ, ಅದನ್ನು ಹಾಕಿ ತೆಗೆದಿದ್ದೀ. ಹಿಂದಿನದೆಲ್ಲ ಮಸುಕು. ಹುಡುಗರು ಯಾವ ಊರಲ್ಲಿದ್ದಾರೆ, ಯಾರ ಮನೆಯಲ್ಲಿದ್ದಾರೆ, ಬೆಳಿಗ್ಗೆಯೋ ಸಂಜೆಯೋ, ಏನೂ ಗೊತ್ತಾಗುವುದಿಲ್ಲ. ಮಕ್ಕಳ ಸುತ್ತ ಇರುವುದನ್ನು ಬಿಡಬೇಡ ಮಗಳೇ. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಮಕ್ಕಳು ದೊಡ್ಡವರಾದರೂ ನಿನ್ನವರಾಗಿಯೇ ಇರುತ್ತಾರೆ. ಅವರು ಬೆಳೆದ ಮನೆ, ಓಣಿ, ಅಡುಗೆ ಕೋಣೆ ಹಾಗೆ ಉಳಿಯುವುದಿಲ್ಲ.

ಇದನ್ನು ನನಗೆ ಕಲಿಸಿದ್ದು ನಮ್ಮ ಊರೇ. ಹಳೇ ಊರಿನಲ್ಲಿ, ಅಂದರೆ ಹಳೇ ಬಾಗಲಕೋಟೆಯಲ್ಲಿ, ನನ್ನ ಫೋಟೋ ಸ್ಟುಡಿಯೋ ಇದ್ದದ್ದು ನಿನಗೆ ಮಸುಕಾಗಿ ನೆನಪಿರಬೇಕು. ಆಗಿನ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೋ. ರೋಲು, ತೊಳೆಯುವ ಖರ್ಚು, ಕಾಗದದ ಖರ್ಚು ಎಲ್ಲ ಸೇರಿ ಫೋಟೋ ಅಂದರೆ ದೊಡ್ಡ ಮಾತು. ಹಾಗಾಗಿ ಜನ ಮದುವೆಗೆ, ಜಾವಳಕ್ಕೆ, ತೊಟ್ಟಿಲಿಗೆ ಮಾತ್ರ ತೆಗೆಸುತ್ತಿದ್ದರು. ಇಳಕಲ್ ಸೀರೆ, ಗುಳೇದಗುಡ್ಡ ಖಣ ತೊಟ್ಟು, ಹುಡುಗರ ತಲೆಗೆ ಎಣ್ಣೆ ಹಚ್ಚಿ ಕರೆದುಕೊಂಡು ಬರುತ್ತಿದ್ದರು. ಹಿಂದೆ ಬಣ್ಣದ ಪರದೆ. ಅದರ ಮೇಲೆ ಬರೆದ ಕೆರೆ, ಬರೆದ ಮರ. ಯಾರ ಮನೆಯಲ್ಲೂ ಇಲ್ಲದ ಕಂಬಗಳು.

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಊರು ಮುಳುಗುವಷ್ಟು ನೀರು ಬರುತ್ತದೆ ಎಂಬ ಮಾತು ಕೇಳಿ ಕೇಳಿ ನಮಗೆ ರೂಢಿಯಾಗಿತ್ತು. ಬರುತ್ತದೆ ಅಂತ ಯಾರೂ ಮನಸ್ಸಿನಲ್ಲಿ ನಂಬಿರಲಿಲ್ಲ. ಆಮೇಲೆ ಮನೆ ಮುಳುಗುವವರಿಗೆ ನವನಗರದಲ್ಲಿ ಸೆಕ್ಟರ್ ಲೆಕ್ಕದಲ್ಲಿ ಪ್ಲಾಟು ಹಂಚಿದರು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. 2000ದ ಆಸುಪಾಸಿನಲ್ಲಿ ಜಲಾಶಯದ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರತೊಡಗಿತು. ತಗ್ಗಿನ ಓಣಿಗಳು ಒಂದೊಂದೇ ಖಾಲಿಯಾದವು.

ಆ ದಿನಗಳಲ್ಲಿ ಸ್ಟುಡಿಯೋಕ್ಕೆ ಜನ ಬರುವ ಕಾರಣವೇ ಬದಲಾಯಿತು. ಒಬ್ಬ ಹೆಣ್ಣುಮಗಳು ತನ್ನ ಮದುವೆ ಫೋಟೋ ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಮದುವಣಗಿತ್ತಿಯ ಭುಜದ ಹಿಂದೆ ಒಂದು ಬಾಗಿಲು ಅರ್ಧ ಕಾಣುತ್ತಿತ್ತು. "ಇದು ನಮ್ಮವ್ವನ ಮನಿ ತಲಬಾಗ್ಲಾರೀ. ನಮ್ಮಿಬ್ಬರನ್ನ ಬಿಡ್ರಿ, ಆ ಬಾಗ್ಲಾ ಅಷ್ಟ ದೊಡ್ಡದ್ ಮಾಡಿ ಕೊಡ್ರಿ" ಅಂದಳು. ಎಷ್ಟು ದೊಡ್ಡದು ಮಾಡಿದರೂ ಆ ಬಾಗಿಲು ಕಾಳು ಕಾಳಾಗಿ ಬಂತು. ಅವಳು ಅದನ್ನೇ ಕಣ್ಣಿಗೆ ಒತ್ತಿಕೊಂಡಳು. ಅಂಥವರು ಎಷ್ಟೋ ಜನ ಬಂದರು. ಒಬ್ಬರಿಗೆ ಕಟ್ಟೆ ಬೇಕು, ಒಬ್ಬರಿಗೆ ದನದ ಕೊಟ್ಟಿಗೆ ಬೇಕು, ಒಬ್ಬರಿಗೆ ಹಿತ್ತಲ ಬಾವಿ ಬೇಕು. ಫೋಟೋದಲ್ಲಿ ಅವರ ಮುಖಗಳೆಲ್ಲ ಇದ್ದವು. ಬೇಕಾದದ್ದು ಇರಲಿಲ್ಲ. ಬಣ್ಣದ ಪರದೆ ಇತ್ತು.

ಈಗಲೂ ಅಣೆಕಟ್ಟನ್ನು 519.60 ಮೀಟರಿನಿಂದ 524 ಮೀಟರಿಗೆ ಎತ್ತರಿಸುವ ಮಾತು ನಡೆದಿದೆ. ನದಿ ದಂಡೆಯ ಹಳ್ಳಿಯವರು ಸಿಕ್ಕಾಗ ನಾನು ಹೇಳುವುದು ಇದೇ. ಪರಿಹಾರದ ಕಾಗದ ಪತ್ರ ಜೋಡಿಸಿ ಇಡಿ, ಜೊತೆಗೆ ನಿಮ್ಮ ಹುಡುಗರನ್ನು ನಿಮ್ಮ ಮನೆಯ ಕಟ್ಟೆಯ ಮೇಲೆ ಕೂರಿಸಿ ಒಂದು ಫೋಟೋ ತೆಗೆದಿಡಿ.

ನಿನ್ನ ಮನೆ ಮುಳುಗುವುದಿಲ್ಲ, ನಿಜ. ಆದರೆ ನೀವು ಇರುವುದು ಬಾಡಿಗೆ ಮನೆ. ಎರಡು ಮೂರು ವರ್ಷಕ್ಕೆ ಸ್ವಂತ ಮನೆ ಆಗುತ್ತದೆ ಅಂತ ಅಳಿಯಂದಿರು ಹೇಳುತ್ತಿದ್ದರು. ಆಗಲಿ, ಬೇಗ ಆಗಲಿ. ಆಮೇಲೆ ಸಣ್ಣವಳು ನಡೆಯಲು ಕಲಿತ ಆ ಕೆಂಪು ನೆಲ ನಿಮ್ಮದಲ್ಲ. ದೊಡ್ಡವನು ಗೋಡೆಯ ಮೇಲೆ ಗೀಚಿದ್ದಕ್ಕೆ ಮಾಲೀಕರು ಸುಣ್ಣ ಹೊಡೆಸುತ್ತಾರೆ. ಅದಕ್ಕೇ ಈಗಲೇ ತೆಗಿ.

ಏನು ತೆಗೆಯಬೇಕು ಅಂತ ಕೇಳುತ್ತೀ. ಬೆಳಿಗ್ಗೆ ನಿಮ್ಮತ್ತೆ ರೊಟ್ಟಿ ಬಡಿಯುವಾಗ ಸಣ್ಣವಳು ಪಕ್ಕದಲ್ಲಿ ಕೂತು ಒಂದು ಚೂರು ಹಿಟ್ಟು ಹಿಡಿದು ತಾನೂ ತಟ್ಟುತ್ತಾಳೆ ಅಂದಿದ್ದೆ. ಅದನ್ನು ತೆಗಿ. ಮುಖ ಕಾಣದಿದ್ದರೂ ಪರವಾಗಿಲ್ಲ. ಎರಡು ಜೊತೆ ಕೈ ಬರಲಿ, ರೊಟ್ಟಿ ಬಡಿಯುವ ಹಲಗೆ ಬರಲಿ, ಹಂಚು ಬರಲಿ, ಗೋಡೆಗೆ ಅಂಟಿದ ಮಸಿಯೂ ಬರಲಿ. ಮಸಿ ಕಾಣುತ್ತದೆ ಅಂತ ನಾಚಿಕೆ ಬೇಡ. ಬೆಳಗಾವಿಯ ಮಳೆಯಲ್ಲಿ ಶಾಲೆಯಿಂದ ಬಂದು ಬಾಗಿಲಲ್ಲಿ ಬಿಟ್ಟ ಒದ್ದೆ ಚಪ್ಪಲಿ, ಮನೆಯೊಳಗೇ ಹಗ್ಗ ಕಟ್ಟಿ ಒಣ ಹಾಕಿದ ಯೂನಿಫಾರ್ಮು, ಅದರ ಕೆಳಗೆ ನೆಲದ ಮೇಲೆ ಬೋರಲು ಮಲಗಿ ಹೋಮ್‌ವರ್ಕ್ ಮಾಡುವ ಹುಡುಗ. ನಿಮ್ಮತ್ತೆ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಹೆಳಲು ಹಾಕುವುದು. ಅಳಿಯಂದಿರು ಕೆಲಸದಿಂದ ಬಂದು ಶೂ ಬಿಚ್ಚುವ ಮೊದಲೇ ಮಕ್ಕಳು ಮೈಮೇಲೆ ಏರುವುದು. ಇವು ದಿನಾ ಆಗುತ್ತವೆ. ದಿನಾ ಆಗುತ್ತವೆ ಅನ್ನುವ ಕಾರಣಕ್ಕೇ ಯಾರೂ ತೆಗೆಯುವುದಿಲ್ಲ.

ಹಬ್ಬದ ಫೋಟೋ ಹೇಗೂ ತೆಗೆಯುತ್ತೀ, ಅದನ್ನು ನಾನು ಹೇಳಬೇಕಿಲ್ಲ. ಪಂಚಮಿಯಲ್ಲಿ ಜೋಕಾಲಿಯ ಮೇಲೆ ಕೂತ ಮಗು ಚೆಂದ. ಅದರ ಹಿಂದಿನ ದಿನ ಉಂಡಿ ಕಟ್ಟುವಾಗ ಬೆಲ್ಲ ಕದಿಯುವ ಮಗು ಇನ್ನೂ ಚೆಂದ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಎಲ್ಲರೂ ಸಾಲಾಗಿ ನಿಂತ ಫೋಟೋ ಒಂದು ಸಾಕು. ಉಂಡಾದ ಮೇಲೆ ಜೋಳದ ಬೆಳೆಯ ನೆರಳಿನಲ್ಲಿ ಮಲಗಿದ ಅಜ್ಜನನ್ನು, ಅವನ ಹೊಟ್ಟೆಯ ಮೇಲೆ ತಲೆ ಇಟ್ಟ ಮೊಮ್ಮಗನನ್ನು ಮರೀಬೇಡ.

ತೆಗೆಯುವ ರೀತಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲು ಫೋನಿನ ಹಿಂದಿನ ಗಾಜು ಸೆರಗಿನಿಂದ ಒರೆಸು. ಅಡುಗೆ ಮನೆಯ ಎಣ್ಣೆ ಕೈ ಅದಕ್ಕೆ ತಾಗಿರುತ್ತದೆ, ಅರ್ಧ ಮಸುಕಿಗೆ ಕಾರಣ ಅದೇ. ಫ್ಲ್ಯಾಶ್ ಹಾಕಬೇಡ. ಕಿಟಕಿಯ ಬೆಳಕು ಮಗುವಿನ ಒಂದು ಮಗ್ಗುಲಿಗೆ ಬೀಳುವಂತೆ ನೀನೇ ಸರಿದು ನಿಲ್ಲು. ನಿಂತು ಕೆಳಗೆ ನೋಡಿ ತೆಗೆದರೆ ತಲೆ ದೊಡ್ಡದು, ಕಾಲು ಸಣ್ಣದು ಬರುತ್ತದೆ. ಕೂತು, ಅವರ ಕಣ್ಣಿನ ಎತ್ತರಕ್ಕೆ ಬಂದು ತೆಗಿ. ಬೆರಳಿನಿಂದ ಹಿಗ್ಗಿಸಬೇಡ, ಎರಡು ಹೆಜ್ಜೆ ಹತ್ತಿರ ಹೋಗು. "ಇಲ್ಲಿ ನೋಡು, ನಗು" ಅಂತ ಕೂಗಬೇಡ. ಕೂಗಿದ ಕೂಡಲೇ ಮಗು ಮಾಡುತ್ತಿದ್ದ ಕೆಲಸ ಬಿಟ್ಟುಬಿಡುತ್ತದೆ. ನಾಲ್ಕಾರು ಫೋಟೋ ಆದ ಮೇಲೆ ಫೋನು ಕೆಳಗಿಟ್ಟು ನೀನೂ ಅವರ ಜೊತೆ ಕೂತುಬಿಡು. ಮಗು ಬಿದ್ದು ಅಳುತ್ತಿದ್ದರೆ ಮೊದಲು ಎತ್ತಿಕೋ. ಆ ಹೊತ್ತಿಗೆ ಫೋಟೋ ಬೇಡವೇ ಬೇಡ.

ದೊಡ್ಡವನಿಗೆ ಈಗ ಒಂಬತ್ತು, ಅಲ್ವಾ? ಅವನು ಬೇಡ ಅಂದರೆ ಬಿಟ್ಟುಬಿಡು. ಅವನ ಮುಖ ಅವನದು. ಸಣ್ಣವಳು ಎರಕೊಳ್ಳುವ ಫೋಟೋ, ಬಟ್ಟೆ ಇಲ್ಲದ ಫೋಟೋ ಮನೆಯ ಗುಂಪಿಗೂ ಕಳಿಸಬೇಡ. ಗುಂಪಿನಿಂದ ಗುಂಪಿಗೆ ಅದು ಎಲ್ಲಿಗೆ ಹೋಗುತ್ತದೋ, ಆಮೇಲೆ ತಡೆಯಲು ಯಾರಿಂದಲೂ ಆಗುವುದಿಲ್ಲ. ಶಾಲೆಯ ಹೆಸರಿರುವ ಬ್ಯಾಡ್ಜು, ಮನೆಯ ನಂಬರು ಕಾಣುವ ಫೋಟೋ ಹೊರಗಿನವರಿಗೆ ಬೇಡ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋದೊಳಗೇ ಜಾಗದ ಗುರುತು ಸೇರಿರುತ್ತದೆ. ಹೊರಗೆ ಹಂಚುವಾಗ ಅದನ್ನು ತೆಗೆದು ಹಂಚು.

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನೀನು ಕಳಿಸಿದ ಅಷ್ಟೂ ಫೋಟೋಗಳಲ್ಲಿ ನೀನು ಎಲ್ಲೂ ಇಲ್ಲ. ಹಳೇ ಆಲ್ಬಮ್‌ಗಳಲ್ಲಿ ಅಪ್ಪಂದಿರು ಕಾಣುತ್ತಿರಲಿಲ್ಲ, ಕ್ಯಾಮೆರಾ ಅವರ ಕೈಯಲ್ಲಿ ಇರುತ್ತಿತ್ತು. ಈಗ ಅವ್ವಂದಿರು ಕಾಣುತ್ತಿಲ್ಲ. ತಲೆ ಬಾಚಿಲ್ಲ, ನೈಟಿ ಮೇಲಿದ್ದೇನೆ, ದಪ್ಪ ಆಗಿದ್ದೇನೆ ಅಂತ ಹಿಂದೆ ಸರಿಯುತ್ತೀರಿ. ಮಕ್ಕಳಿಗೆ ಅದು ಯಾವುದೂ ಲೆಕ್ಕಕ್ಕಿಲ್ಲ. ನಿಮ್ಮಜ್ಜಿಯ ಒಂದೇ ಒಂದು ಫೋಟೋ ನಮ್ಮಲ್ಲಿ ಇದೆ. ಅದರಲ್ಲಿ ಆಕೆ ಗುರುತಿನ ಚೀಟಿಗೆ ಕೂತಂತೆ ಬಿಗಿಯಾಗಿ ಕೂತಿದ್ದಾಳೆ. ಆಕೆ ನಗುತ್ತಿದ್ದ ರೀತಿ, ಬಾಯಿಗೆ ಸೆರಗು ಹಿಡಿದು ಭುಜ ಕುಣಿಸಿ ನಗುತ್ತಿದ್ದದ್ದು, ನನ್ನ ಮತ್ತು ಅಣ್ಣನ ತಲೆಯೊಳಗೆ ಮಾತ್ರ ಇದೆ. ನಾವಿಬ್ಬರೂ ಹೋದ ಮೇಲೆ ಅದು ಎಲ್ಲೂ ಇರುವುದಿಲ್ಲ. ಅದಕ್ಕೇ ಫೋನು ದೊಡ್ಡವನ ಕೈಗೆ ಕೊಡು. ಅವನ ಎತ್ತರದಿಂದ ನೀನು ಹೇಗೆ ಕಾಣುತ್ತೀ ಅಂತ ಅವನೇ ತೆಗೆಯಲಿ. ಸೊಟ್ಟ ಬಂದರೂ ಅಳಿಸಬೇಡ.

ದನಿಯನ್ನೂ ಹಿಡಿದಿಡು. ಸಣ್ಣವಳು "ರೊಟ್ಟಿ"ಗೆ "ಲೊತ್ತಿ" ಅನ್ನುತ್ತಾಳಲ್ಲ, ಅದು ಇನ್ನು ಸ್ವಲ್ಪ ದಿನ ಅಷ್ಟೆ. ಒಂದು ಬೆಳಿಗ್ಗೆ ಸರಿಯಾಗಿ ಹೇಳಿಬಿಡುತ್ತಾಳೆ. ಹಳೆಯದು ಯಾವತ್ತು ಹೋಯಿತು ಅಂತ ನಿನಗೂ ಗೊತ್ತಾಗುವುದಿಲ್ಲ. ನಿಮ್ಮತ್ತೆ ಹೇಳುವ ಕಥೆ, ಬೀಸುವ ಹಾಡು ಗೊತ್ತಿದ್ದರೆ ಆ ಹಾಡು, ಫೋನನ್ನು ಅವರ ಹತ್ತಿರ ಇಟ್ಟು ಸುಮ್ನೆ ರೆಕಾರ್ಡ್ ಮಾಡು. ಫ್ಯಾನು ಆಫ್ ಮಾಡು, ಇಲ್ಲದಿದ್ದರೆ ಅದರ ಸದ್ದೇ ಕೇಳುತ್ತದೆ. ಹೋಳಿ ಹಬ್ಬಕ್ಕೆ ಇಲ್ಲಿಗೆ ಬಂದಾಗ ಹಲಗಿ ಬಾರಿಸುವ ಮಜಲು ಕೇಳಿ ಸಣ್ಣವಳು ಕುಣಿದಳಲ್ಲ, ಅದರ ವಿಡಿಯೋ ನಿನ್ನ ಹತ್ತಿರ ಇದ್ದರೆ ನನಗೂ ಕಳಿಸು.

ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸು. ಸಾದಾ ಕಳಿಸಿದರೆ ಅದು ಫೋಟೋವನ್ನು ಹಿಂಡಿ ಸಣ್ಣದು ಮಾಡುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಎಲ್ಲ ಇದೆ ಅಂತ ನೆಮ್ಮದಿಯಾಗಿ ಇರಬೇಡ. 2021ರ ಜೂನ್‌ನಿಂದ ಅಲ್ಲಿ ಹಾಕಿದ್ದೆಲ್ಲ ಪುಕ್ಕಟೆ ಸಿಗುವ 15 ಜಿಬಿ ಜಾಗದ ಲೆಕ್ಕಕ್ಕೆ ಬರುತ್ತದೆ. ಜಾಗ ತುಂಬಿದರೆ ಹೊಸದು ಹೋಗುವುದಿಲ್ಲ. ಒಂದು ಹಾರ್ಡ್ ಡಿಸ್ಕ್ ತಗೊಂಡು ಅದರಲ್ಲಿ ಒಂದು ಪ್ರತಿ ಇಡು, ಇನ್ನೊಂದು ಪ್ರತಿ ಅಣ್ಣನ ಮನೆಯಲ್ಲಿ ಇರಲಿ. ಕ್ಯಾಮೆರಾಗೆ ಇಟ್ಟ ದುಡ್ಡು ಇದಕ್ಕೆ ಹಾಕು.

ತಿಂಗಳಿಗೊಮ್ಮೆ ಮಕ್ಕಳು ಮಲಗಿದ ಮೇಲೆ ನೀವಿಬ್ಬರೂ ಕೂತು ಒಳ್ಳೆಯವನ್ನು ಆರಿಸಿ. ಒಂದೇ ಥರದ ಇಪ್ಪತ್ತು ಇದ್ದರೆ ಎರಡು ಇಟ್ಟು ಉಳಿದದ್ದು ಅಳಿಸಿ. ಆರಿಸಿದ್ದರಲ್ಲಿ ಕೆಲವನ್ನು ಪ್ರಿಂಟ್ ಹಾಕಿಸು. ಹಿಂದೆ ಸೀಸದಕಡ್ಡಿಯಿಂದ ಹಗುರವಾಗಿ ಬರಿ: ಯಾರು, ಎಲ್ಲಿ, ಯಾವ ವರ್ಷ, ಏನು ಮಾಡುತ್ತಿದ್ದರು. ಬಾಲ್ ಪೆನ್ನು ಬೇಡ, ಒತ್ತು ಮುಂದೆ ಮೂಡುತ್ತದೆ. ಅಂಟಿನ ಹಾಳೆಯ ಆಲ್ಬಮ್ ತಗೋಬೇಡ. ಆ ಅಂಟು ಹಳದಿಯಾಗಿ ಫೋಟೋವನ್ನು ಹಿಡಿದುಬಿಡುತ್ತದೆ. ನಮ್ಮ ಮನೆಯ ಕಪ್ಪು-ಬಿಳುಪು ಫೋಟೋಗಳು ಇನ್ನೂ ಗಟ್ಟಿ ಇವೆ, ಅವುಗಳ ಚಿತ್ರ ಮೂಡಿರುವುದು ಬೆಳ್ಳಿಯಿಂದ. ಅವುಗಳ ನಂತರದ ಕಲರ್ ಫೋಟೋಗಳು ಕೆಂಪಾಗಿ ಹೋಗಿವೆ, ಅವು ಬರೀ ಬಣ್ಣ, ಬಿಸಿಲು ಸೆಕೆಗೆ ತಡೆಯುವುದಿಲ್ಲ. ಹಾಗಾಗಿ ಆಲ್ಬಮ್ಮನ್ನು ತಗಡಿನ ಕೆಳಗಿನ ಅಟ್ಟದ ಮೇಲೆ ಇಡಬೇಡ. ನಿಮ್ಮ ಊರಿನ ಮಳೆಗಾಲದಲ್ಲಿ ಗೋಡೆಗೆ ತಾಗಿಸಿಯೂ ಇಡಬೇಡ.

ಪಂಚಮಿಗೆ ತವರಿಗೆ ಬರುತ್ತೀಯಲ್ಲ. ನನ್ನ ಹತ್ತಿರ ಹಳೇ ಊರಿನ ನೆಗೆಟಿವ್‌ಗಳ ಡಬ್ಬಿ ಇದೆ. ಅದರಲ್ಲಿ ನಿಮ್ಮಪ್ಪ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಂಡೆಗೆ ಹೊರಟದ್ದೂ ಇದೆ. ಕಣ್ಣು ಮೊದಲಿನಂತಿಲ್ಲ, ನನ್ನೊಬ್ಬನಿಗೆ ಎಲ್ಲ ಸ್ಕ್ಯಾನ್ ಮಾಡಲು ಆಗುವುದಿಲ್ಲ. ನಾಲ್ಕು ದಿನ ಜಾಸ್ತಿ ಇರುವಂತೆ ಬಾ, ಲ್ಯಾಪ್‌ಟಾಪ್ ಮತ್ತು ಆ ಹಾರ್ಡ್ ಡಿಸ್ಕ್ ತಗೊಂಡು ಬಾ. ದೊಡ್ಡವನಿಗೆ ಹೇಳು, ನೆಗೆಟಿವ್ ಬೆಳಕಿಗೆ ಹಿಡಿದು ನೋಡುವುದು ಹೇಗೆ ಅಂತ ಅಜ್ಜ ಕಲಿಸುತ್ತಾನೆ ಅಂತ.

ಅಳಿಯಂದಿರಿಗೂ ನಿಮ್ಮತ್ತೆಯವರಿಗೂ ನಮಸ್ಕಾರ ತಿಳಿಸು. ಮಕ್ಕಳಿಗೆ ಮುದ್ದು.

ಇತಿ,
ನಿನ್ನ ಕಾಕಾ