ವಯೋಲಾದ ಕುರ್ಚಿ ಖಾಲಿ ಇದೆ

ತುಮಕೂರು
ಆಷಾಢದ ಒಂದು ಭಾನುವಾರ

ಪ್ರಿಯ ಗೆಳೆಯ,

ಹೋದ ತಿಂಗಳು ಫೋನಿನಲ್ಲಿ ಮಾತನಾಡಿದಾಗ ನಮ್ಮ ವಾದ್ಯವೃಂದದ ವಿಷಯ ಅರ್ಧಕ್ಕೇ ನಿಂತಿತು. ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ಆಗ ಬಾಯಿ ಬರಲಿಲ್ಲ. ಅದಕ್ಕಾಗಿಯೇ ಈ ಪತ್ರ.

ಈ ವರ್ಷ ಮೂರು ಕಚೇರಿ ಮಾಡುವುದೆಂದು ನಿಶ್ಚಯವಾಗಿದೆ. ಮೊದಲನೆಯದು ವಿಜಯದಶಮಿ ಕಳೆದ ಮೇಲಿನ ಭಾನುವಾರ, ಎರಡನೆಯದು ಧನುರ್ಮಾಸದಲ್ಲಿ, ಕೊನೆಯದು ಯುಗಾದಿಗೆ ಮುಂಚೆ. ಎಲ್ಲರೂ ಮುಹೂರ್ತ ಹುಡುಕುವ ಪಂಚಾಂಗದಲ್ಲಿ ನಾವು ಮುಹೂರ್ತವಿಲ್ಲದ ದಿನಗಳನ್ನು ಹುಡುಕಿದೆವು. ನಮ್ಮಲ್ಲಿ ಕ್ಲಾರಿನೆಟ್ ನುಡಿಸುವ ಇಬ್ಬರು, ಯುಫೋನಿಯಂ ಎಂಬ ಹಿತ್ತಾಳೆಯ ಊದುವಾದ್ಯ ನುಡಿಸುವ ಒಬ್ಬರು ಮದುವೆಯ ಬ್ಯಾಂಡ್‌ಸೆಟ್ಟಿನವರು. ಮದುವೆಯ ದಿನ ಅವರನ್ನು ಅಭ್ಯಾಸಕ್ಕೆ ಕರೆದರೆ ಅವರ ಅನ್ನಕ್ಕೆ ಕೈ ಹಾಕಿದಂತೆ. ಆಷಾಢದಲ್ಲೂ ಧನುರ್ಮಾಸದಲ್ಲೂ ಅವರಿಗೆ ಬಿಡುವು. ಹಾಗಾಗಿ ಆಷಾಢ ಅಭ್ಯಾಸಕ್ಕೆ, ಧನುರ್ಮಾಸ ದೊಡ್ಡ ಕಚೇರಿಗೆ. ಕಿವಿಯಲ್ಲಿ ಕೇಳಿ ನುಡಿಸುವ ಅವರು ಎರಡು ಭಾನುವಾರಗಳಲ್ಲಿ ಹಿಡಿದಿಟ್ಟುಕೊಂಡದ್ದನ್ನು ನಾವು ಹಾಳೆ ನೋಡಿಕೊಂಡು ಒಂದು ತಿಂಗಳು ತಿದ್ದಿದೆವು.

ನಾನು ಎರಡನೆಯ ಪಿಟೀಲಿನ ಸಾಲಿನಲ್ಲಿ ಕೂರುತ್ತೇನೆ. ಮೇಷ್ಟರ ಮನೆಯ ಜಮಖಾನದ ಮೇಲೆ ಚಕ್ಕಂಬಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರಿ ಕಲಿತ ನನಗೆ ಕುರ್ಚಿಯ ತುದಿಯಲ್ಲಿ ಕುಳಿತು ಅದನ್ನು ಗಲ್ಲದಡಿ ಹಿಡಿಯುವುದೇ ಆರು ತಿಂಗಳ ಪಾಠವಾಯಿತು. ಹಾಡುವವರ ಶ್ರುತಿಗೆ ತಕ್ಕಂತೆ ಸ-ಪ-ಸ-ಪ ಎಂದು ಕೂಡಿಸುತ್ತಿದ್ದ ತಂತಿಗಳು ಇಲ್ಲಿ ಜಿ, ಡಿ, ಎ, ಇ ಎಂದು ಒಂದೇ ಕಡೆ ನಿಲ್ಲುತ್ತವೆ. ಸ್ವರವನ್ನು ಅಲುಗಿಸುವ ಗಮಕವನ್ನು ಬಿಡುವುದಂತೂ ಇನ್ನೂ ಕಷ್ಟ. ಮೊದಲ ಕಚೇರಿಗೆ ಎತ್ತಿಕೊಂಡಿರುವುದು ಮೊಟ್ಸಾರ್ಟ್ 1787ರಲ್ಲಿ ತಂತಿವಾದ್ಯಗಳಿಗಾಗಿ ಬರೆದ ರಾತ್ರಿಸಂಗೀತ. ಅದರ ಜಿ ಮೇಜರ್ ಎಂದರೆ ನಮ್ಮ ಶಂಕರಾಭರಣದ ಸ್ವರಗಳೇ. ಮಧ್ಯಮ ಬಂದೊಡನೆ ಬೆರಳು ತಾನಾಗಿ ಅಲುಗುತ್ತದೆ. ಇಷ್ಟು ವರ್ಷ ಪ್ರೀತಿಯಿಂದ ಕಲಿಸಿದ ಬೆರಳಿಗೆ ಸುಮ್ಮನಿರು ಎಂದು ಹೇಳುವಾಗ ಒಮ್ಮೊಮ್ಮೆ ಸಂಕಟವಾಗುತ್ತದೆ.

ಶುರುವಿನಲ್ಲಿ ಎಲ್ಲರೂ ಒಂದೇ ಸ್ವರಸಾಲನ್ನು ನುಡಿಸುತ್ತೇವೆ. ಆಮೇಲೆ ರಾಗ ಮೊದಲ ಪಿಟೀಲಿನವರ ಕೈಗೆ ಹೋಗುತ್ತದೆ, ನಮಗೆ ಉಳಿಯುವುದು ತ್ವರಿತವಾಗಿ ಮತ್ತೆ ಮತ್ತೆ ಬರುವ ಅದದೇ ಸ್ವರಗಳು. ಒಂದು ಭಾನುವಾರ ಕಾರಣಾಂತರದಿಂದ ನಮ್ಮ ಸಾಲಿನವರು ಯಾರೂ ಹೋಗಲಿಲ್ಲ. ಅಂದಿನ ಅಭ್ಯಾಸವನ್ನು ಒಬ್ಬರು ಮೊಬೈಲಿನಲ್ಲಿ ಹಿಡಿದು ಕಳುಹಿಸಿದ್ದರು, ಕೇಳಿದೆ. ಮಾವಿನೆಲೆಗಳೆಲ್ಲ ಇದ್ದವು, ತೋರಣದ ದಾರ ಇರಲಿಲ್ಲ. ಅಂದಿನಿಂದ ಆ ಒಂದೊಂದು ಸ್ವರವನ್ನೂ ಪಲ್ಲವಿ ನುಡಿಸುವಷ್ಟೇ ಎಚ್ಚರದಿಂದ ನುಡಿಸುತ್ತಿದ್ದೇನೆ.

ಅದೇ ಕಚೇರಿಯಲ್ಲಿ ದೀಕ್ಷಿತರ ನೊಟ್ಟುಸ್ವರಗಳೂ ಇವೆ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡಿನವರಿಂದ ಕೇಳಿದ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂಡಿಸಿದರು. 'ಸಂತತಂ ಪಾಹಿಮಾಂ' ಇಂಗ್ಲೆಂಡಿನ ರಾಜಗೀತೆಯದೇ ಮಟ್ಟು. ಅವರ ತಮ್ಮ ಬಾಲುಸ್ವಾಮಿಯವರು ಕಲಿತು ನಮ್ಮ ಸಂಗೀತಕ್ಕೆ ತಂದ ಪಿಟೀಲನ್ನೇ ಅಲ್ಲವೇ ನೀನೂ ನಾನೂ ಹಿಡಿದದ್ದು? 'ಇದೇನು ಹೊರಗಿನ ಸಂಗೀತ' ಎಂದು ಕೇಳುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಇನ್ನು ಧನುರ್ಮಾಸದ ಕಚೇರಿ. ನನ್ನ ಮನಸ್ಸೆಲ್ಲ ಅದರಲ್ಲೇ ಇದೆ. ಹೈಡನ್ 1772ರಲ್ಲಿ ಬರೆದ 45ನೆಯ ಸಿಂಫನಿಯ, ಅಂದರೆ ಇಡೀ ವಾದ್ಯವೃಂದಕ್ಕಾಗಿ ಬರೆದ ಹಲವು ಭಾಗಗಳ ದೊಡ್ಡ ಕೃತಿಯ, ಕೊನೆಯ ಭಾಗವನ್ನು ನುಡಿಸುತ್ತೇವೆ. ಪೂರ್ತಿ ಸಿಂಫನಿ ನಮ್ಮ ಕೈಗೆ ಇನ್ನೂ ಎಟುಕುವುದಿಲ್ಲ. ಆ ವರ್ಷ ಹೈಡನ್‌ಗೆ ಆಶ್ರಯ ಕೊಟ್ಟಿದ್ದ ಎಸ್ಟರ್‌ಹಾಜಿ ದೊರೆ ತನ್ನ ಬೇಸಿಗೆಯ ಅರಮನೆಯಲ್ಲಿ ವಾದ್ಯಗಾರರನ್ನು ಬಹಳ ದಿನ ಉಳಿಸಿಕೊಂಡಿದ್ದ. ಅವರ ಹೆಂಡತಿ ಮಕ್ಕಳೆಲ್ಲ ಐಸೆನ್‌ಸ್ಟಾಟ್ ಊರಿನಲ್ಲಿ. ಬಾಯಿಬಿಟ್ಟು ಕೇಳಲಾಗದ್ದನ್ನು ಹೈಡನ್ ಸಂಗೀತದಲ್ಲಿ ಕೇಳಿದ. ವೇಗವಾಗಿ ಓಡುತ್ತಿದ್ದ ಕೊನೆಯ ಭಾಗ ತಟ್ಟನೆ ನಿಂತು ನಿಧಾನಗತಿಗೆ ಹೊರಳುತ್ತದೆ. ಓಬೋ, ಕೊಂಬು, ಬಸೂನ್, ಡಬಲ್ ಬಾಸ್, ಚೆಲೋ ಹೀಗೆ ಒಬ್ಬೊಬ್ಬರೇ ತಮ್ಮ ಪಾಲನ್ನು ಮುಗಿಸಿ, ಮುಂದಿನ ಮೇಣದಬತ್ತಿ ಆರಿಸಿ ಎದ್ದು ಹೋಗುತ್ತಾರೆ. ಕೊನೆಗೆ ಎರಡೇ ಪಿಟೀಲು ಉಳಿಯುತ್ತವೆ. ದೊರೆಗೆ ಅರ್ಥವಾಯಿತು, ಮರುದಿನವೇ ಎಲ್ಲರಿಗೂ ಊರಿಗೆ ಹೊರಡಲು ಅಪ್ಪಣೆಯಾಯಿತು ಎಂದು ಹೇಳುತ್ತಾರೆ.

ನಮ್ಮಲ್ಲಿ ಓಬೋ ಸಾಲು ಕ್ಲಾರಿನೆಟ್‌ಗೆ, ಕೊಂಬಿನದು ಯುಫೋನಿಯಂಗೆ, ಬಸೂನಿನದು ಚೆಲೋಗೆ. ಮೇಣದಬತ್ತಿಯ ಬದಲು ಹಣತೆ ಇಡೋಣವೆಂದಾಗ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ, ನಿವೃತ್ತ ಉಪಾಧ್ಯಾಯಿನಿಯೊಬ್ಬರು ತಡೆದರು. 'ಹಚ್ಚಿದ ದೀಪವನ್ನು ನಾಲ್ಕು ಜನರ ಮುಂದೆ ಆರಿಸುವುದೇ? ಅದೂ ಧನುರ್ಮಾಸದಲ್ಲಿ?' ಯಾರಿಗೂ ಉತ್ತರ ತೋಚಲಿಲ್ಲ. ಆಮೇಲೆ ಅವರೇ ದಾರಿ ಹೇಳಿದರು: ಆರಿಸುವುದು ಬೇಡ, ಉರಿಯುತ್ತಿರುವ ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೊರಟವರಂತೆ ಹೋಗೋಣ. ಪಿಟೀಲೂ ಕಮಾನೂ ಒಂದು ಕೈಯಲ್ಲಿ, ಹಣತೆ ಇನ್ನೊಂದರಲ್ಲಿ. ಚೆಲೋ ನುಡಿಸುವವರ ದೀಪವನ್ನು ಅವರ ಮಗಳು ಬಂದು ತೆಗೆದುಕೊಂಡು ಹೋಗುತ್ತಾಳೆ. ಒಮ್ಮೆ ಹಾಗೆಯೇ ಮಾಡಿ ನೋಡಿದೆವು. ಬೆಳಕು ವೇದಿಕೆಯಿಂದ ಒಂದೊಂದಾಗಿ ನಡೆದು ಹೋಗುವುದನ್ನು ನೋಡುತ್ತಾ ನನ್ನ ಕಣ್ಣು ತುಂಬಿತು. ಹೈಡನ್‌ನ ವಾದ್ಯಗಾರರಿಗೆ ಬೇಕಾಗಿದ್ದದ್ದೂ ಮನೆಯೇ ಅಲ್ಲವೇ?

ಯುಗಾದಿಗೆ ಮುಂಚಿನ ಕಚೇರಿ ಮೈಸೂರಿನ ಜಯಚಾಮರಾಜ ಒಡೆಯರ ನೆನಪಿಗೆ. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕೈಹಿಡಿದವರು ಅವರು. ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಅಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ಅದರ ಖರ್ಚಿಗೆ ಹೊಣೆ ನಿಂತವರೂ ಅವರೇ. ನಾವು ನುಡಿಸುವುದು ಅವರದೇ 'ಶ್ರೀ ಮಹಾಗಣಪತಿಂ ಭಜೇಹಂ'. ಅಠಾಣ ರಾಗದ್ದು, ಅಲ್ಲಿ ಬೆರಳಿಗೆ ಬಿಡುಗಡೆ.

ಮೂರೂ ಕಚೇರಿಗಳನ್ನು ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರದಲ್ಲಿ ಮಾಡಬೇಕೆಂಬುದು ನಮ್ಮ ಆಸೆ. ಬಾಡಿಗೆ ಹೊಂದಿಸುವ ಲೆಕ್ಕ ನಡೆದಿದೆ. ಪ್ರವೇಶ ಉಚಿತ, ಅದರಲ್ಲಿ ಎರಡು ಮಾತಿಲ್ಲ.

ಈಗ ಕೇಳಬೇಕಾದ ಮಾತು. ಹೈಡನ್‌ನ ಆ ನಿರ್ಗಮನದಲ್ಲಿ, ಕೊನೆಯ ಎರಡು ಪಿಟೀಲುಗಳನ್ನು ಬಿಟ್ಟು ಎಲ್ಲರಿಗಿಂತ ತಡವಾಗಿ ಹೊರಡುವುದು ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ. ಉಳಿಯುವ ಇಬ್ಬರಲ್ಲಿ ನಾನೊಬ್ಬ. ನನಗಿಂತ ಮುಂಚೆ ದೀಪ ಹಿಡಿದು ಏಳಬೇಕಾದ ಕುರ್ಚಿಯಲ್ಲಿ ಯಾರೂ ಇಲ್ಲ. ಆ ಸಾಲನ್ನು ಪಿಟೀಲಿನಲ್ಲೇ ನುಡಿಸಿ ನೋಡಿದೆವು, ಕೆಳಗಿನ ಸ್ವರಗಳು ಸಿಗುವುದಿಲ್ಲ. ವಯೋಲಾದ ತಂತಿಗಳು ಸಿ, ಜಿ, ಡಿ, ಎ. ಪಿಟೀಲಿಗಿಲ್ಲದ ಆ ಸಿ ತಂತಿಯ ದನಿಯಲ್ಲಿ ಮೇಷ್ಟರು ಮಂದ್ರದಲ್ಲಿ ಹಾಡಿಕೊಳ್ಳುತ್ತಿದ್ದ ಗುಣವಿದೆ.

ಮೇಷ್ಟರು ಹೋದ ಮೇಲೆ ನೀನು ಪಿಟೀಲು ಮುಚ್ಚಿಟ್ಟು 11 ವರ್ಷವಾಯಿತು. ಏಕೆಂದು ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಆದರೆ ಹಾಡುವವರ ಉಸಿರು ನಿಲ್ಲುವ ಜಾಗವನ್ನು ನಿನ್ನಷ್ಟು ಸರಿಯಾಗಿ ಹಿಡಿಯುತ್ತಿದ್ದವರು ನಮ್ಮ ಪಾಠದಲ್ಲಿ ಇನ್ನೊಬ್ಬರಿರಲಿಲ್ಲ. ನಡುವಿನ ದನಿಗೆ ಬೇಕಾದದ್ದು ಆ ಕಿವಿಯೇ. ಬೆರಳು ತುಕ್ಕು ಹಿಡಿದಿದ್ದರೆ ಹಿಡಿದಿರಲಿ, ಧನುರ್ಮಾಸಕ್ಕೆ ಇನ್ನೂ ಐದು ತಿಂಗಳಿದೆ.

ವಯೋಲಾ ನಮ್ಮ ಮನೆಯಲ್ಲೇ ಇದೆ, ಹಳೆಯದಾದರೂ ಬಿರಡೆಗಳು ಜಾರುವುದಿಲ್ಲ, ಮೊನ್ನೆ ಹೊಸ ತಂತಿ ಹಾಕಿಸಿದೆ. ಬೆಂಗಳೂರಿನಿಂದ 70 ಕಿಲೋಮೀಟರ್. ಭಾನುವಾರ ಬೆಳಗಿನ ರೈಲು ಹಿಡಿದರೆ ಹತ್ತು ಗಂಟೆಯ ಅಭ್ಯಾಸಕ್ಕೆ ಬರಬಹುದು, ಮುಗಿಸಿ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಣ. ಶ್ರಾವಣ ಬಂದರೆ ಬ್ಯಾಂಡ್‌ಸೆಟ್ಟಿನವರಿಗೆ ಮದುವೆಗಳು ಶುರುವಾಗುತ್ತವೆ. ಎಲ್ಲರೂ ಕೂಡಿ ನುಡಿಸುವ ಭಾನುವಾರಗಳು ಇನ್ನು ಮೂರೇ ಇವೆ. ಯಾವ ರೈಲಿಗೆ ಬರುತ್ತೀಯೆಂದು ಬರೆ, ಸ್ಟೇಷನ್ನಿಗೆ ನಾನೇ ಬರುತ್ತೇನೆ.

ನಿನ್ನ ಗೆಳೆಯ