ಕಣದ ಕಾಫಿ, ಲೈನ್ ಮನೆಯ ಒಲೆ

ಪ್ರೀತಿಯ ತಂಗೀ,

ಹವಾಮಾನ ಬದಲಾವಣೆಯ ಬಗ್ಗೆ ನೀನು ಬರೆದ ಲೇಖನ ಬಂತು. ಎರಡು ಸಲ ಓದಿದೆ. ಮೊದಲ ಮೂರು ಪುಟಗಳಲ್ಲಿ ಕರಗುವ ಹಿಮ, ಏರುವ ಸಮುದ್ರ, ದೊಡ್ಡ ದೊಡ್ಡ ದೇಶಗಳ ಸಭೆ ಎಲ್ಲ ಇವೆ. ಯಾವುದೂ ತಪ್ಪಲ್ಲ. ಆದರೆ ನಾನು ಓದುತ್ತಾ ನಿಂತದ್ದು ನಾಲ್ಕನೇ ಪುಟದ ಒಂದು ಸಾಲಿನಲ್ಲಿ. ‘2021ರ ಜನವರಿಯಲ್ಲಿ ಮಳೆ ಬಂದಾಗ ಅಜ್ಜ ಕಣದ ಕಾಫಿಗೆ ಟಾರ್ಪಾಲ್ ಹೊದಿಸಲು ಓಡಿದರು.’ ಅಷ್ಟು ಬರೆದು ಮತ್ತೆ ಹಿಮದ ಕಡೆ ಹೋಗಿಬಿಟ್ಟಿದ್ದೀಯ. ಯಾಕೆ?

ಆ ಮಳೆ ನನಗೂ ನೆನಪಿದೆ. ಕೊಡಗು, ಚಿಕ್ಕಮಗಳೂರು, ಹಾಸನ, ಮೂರೂ ಕಡೆ ಸುರಿದಿತ್ತು. ಜನವರಿ ಅಂದರೆ ಕೊಯ್ಲಿನ ಕಾಲ. ಎರಡು ಬಗೆಯ ಕಾಫಿಯಲ್ಲಿ ಅರೇಬಿಕಾ ಕಣದಲ್ಲಿ ಒಣಗುತ್ತಿರುತ್ತದೆ, ರೊಬಸ್ಟಾ ಗಿಡದಲ್ಲಿ ಹಣ್ಣಾಗುತ್ತಿರುತ್ತದೆ. ಹಣ್ಣು ಒಡೆದು ಉದುರಿತು. ಕಣದಲ್ಲಿದ್ದದ್ದಕ್ಕೆ ಬೂಸ್ಟು ಹಿಡಿಯಿತು. ಅಷ್ಟಕ್ಕೇ ಮುಗಿದಿದ್ದರೆ ಒಂದು ವರ್ಷದ ನಷ್ಟ. ಆದರೆ ಕಾಫಿ ಮೊಗ್ಗು ಅರಳಿಸುವ ಹೂಮಳೆ ಬರಬೇಕಾದ್ದು ಫೆಬ್ರವರಿ, ಮಾರ್ಚ್‌ನಲ್ಲಿ. ಒಂದು ಇಂಚು ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟ ಹೂ ಬಿಟ್ಟು ಬೆಳ್ಳಗಾಗುತ್ತದೆ. ಆ ವರ್ಷ ಎಷ್ಟೋ ತೋಟಗಳಲ್ಲಿ ಜನವರಿಯ ಮಳೆಗೇ ಮೊಗ್ಗು ಒಡೆಯಿತು. ಒಂದೇ ಕೊಂಬೆಯಲ್ಲಿ ಹಣ್ಣೂ ಇತ್ತು, ಹೂವೂ ಇತ್ತು. ಹಣ್ಣು ಕೊಯ್ಯಲು ಕೈ ಹಾಕಿದರೆ ಮುಂದಿನ ವರ್ಷದ ಫಸಲು ಉದುರುತ್ತದೆ. ಬಿಟ್ಟರೆ ಈ ವರ್ಷದ್ದು ನೆಲಕ್ಕೆ ಬೀಳುತ್ತದೆ. ನಿನ್ನ ಅಜ್ಜ ಆ ವಾರ ಏನು ಮಾಡಿದರು? ಅದನ್ನು ನೀನಲ್ಲದೆ ಬೇರೆ ಯಾರು ಬರೆಯುತ್ತಾರೆ?

ನಾನೂ ಆಗ ಒಂದು ಲೇಖನ ಬರೆದಿದ್ದೆ. ತೋಟದ ಮಾಲೀಕರ ಜಗಲಿಯಲ್ಲಿ ಎರಡು ಗಂಟೆ ಕೂತು ನಷ್ಟದ ಲೆಕ್ಕ ಬರೆದುಕೊಂಡು ಬಂದೆ. ಕೂಲಿಯವರು ಇರುವ ಸಾಲು ಮನೆಗಳು, ಅಂದರೆ ಲೈನ್ ಮನೆಗಳ ಮುಂದೆಯೇ ಹಾದುಹೋದೆ, ಒಂದು ಬಾಗಿಲಲ್ಲೂ ನಿಲ್ಲಲಿಲ್ಲ. ಮರುವರ್ಷ ಅದೇ ತೋಟದಲ್ಲಿ ಹಣ್ಣು ಕೊಯ್ಯುವ ಅಮ್ಮ ಒಬ್ಬರು ಸಿಕ್ಕಿದರು. ‘ಆ ಮಳೆಗೆ ನಮಗೆ ಐದು ದಿನ ಕೆಲಸ ಇರ್ಲಿಲ್ಲ. ಅಂಗಡೀಲಿ ಅಕ್ಕಿ ಸಾಲ ತಂದ್ವಿ. ಅದೂ ಪೇಪರ್‌ನಲ್ಲಿ ಬಂತಾ?’ ಅಂತ ಕೇಳಿದರು. ಬಂದಿರಲಿಲ್ಲ. ಇವತ್ತಿಗೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ನೀನು ಆ ಬಾಗಿಲುಗಳಲ್ಲಿ ನಿಲ್ಲು. ಆದರೆ ‘ಹವಾಮಾನ ಬದಲಾವಣೆಯಿಂದ ನಿಮಗೇನು ತೊಂದರೆ’ ಅಂತ ಕೇಳಬೇಡ. ಹಾಗೆ ಕೇಳಿದರೆ ಟಿವಿಯಲ್ಲಿ ಕೇಳಿದ ಉತ್ತರವೇ ವಾಪಸ್ ಬರುತ್ತದೆ. ಮಳೆ ಶುರುವಾದಾಗ ಎಲ್ಲಿದ್ದಿರಿ, ಎಷ್ಟು ಕೆಜಿ ಕೊಯ್ದಾಗಿತ್ತು, ಆ ವಾರದ ಬಟವಾಡೆ ಎಷ್ಟು ಬಂತು, ರಾತ್ರಿ ಒಲೆಗೆ ಒಣ ಸೌದೆ ಇತ್ತಾ, ಇವನ್ನು ಕೇಳು. ಅಸ್ಸಾಂನಿಂದ ಕೊಯ್ಲಿಗೆ ಬಂದವರಿದ್ದರೆ ಊರು ಯಾಕೆ ಬಿಟ್ಟರು ಅಂತಲೂ ಕೇಳು. ಬ್ರಹ್ಮಪುತ್ರ ಹೊಲ ಕೊಚ್ಚಿಕೊಂಡು ಹೋದ ಕಥೆ ಸಿಗಬಹುದು. ಮಗಳ ಮದುವೆ ಸಾಲವೂ ಇರಬಹುದು. ಸಿಕ್ಕಿದ್ದನ್ನೇ ಬರೆ. ನಿನ್ನ ಲೇಖನಕ್ಕೆ ಬೇಕಾದ ಹಾಗೆ ಅವರ ಬದುಕನ್ನು ತಿರುಗಿಸಬೇಡ.

ಇನ್ನು ಲೆಕ್ಕದ ವಿಷಯ. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಅಂತ ಎಲ್ಲ ಅಜ್ಜಂದಿರೂ ಹೇಳುತ್ತಾರೆ, ಅಲ್ವಾ? ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಅಳೆದು ಬರೆದಿಡುವ ಅಭ್ಯಾಸ ಇದೆ. ನಿಮ್ಮ ಮನೆಯಲ್ಲೂ ಆ ಪುಸ್ತಕ ಇದ್ದೇ ಇರುತ್ತದೆ. ತೆಗೆದು ನೋಡು. ಹಳೆಯ ಜನವರಿಗಳಲ್ಲೂ ಮಳೆ ಸಿಕ್ಕರೆ ಮುಚ್ಚಿಡಬೇಡ. ಮೊದಲು ಎಷ್ಟು ವರ್ಷಕ್ಕೊಮ್ಮೆ ಬರುತ್ತಿತ್ತು, ಈಗ ಎಷ್ಟಕ್ಕೊಮ್ಮೆ ಬರುತ್ತಿದೆ ಅನ್ನುವುದನ್ನು ಎಣಿಸು.

ಒಂದು ಮಳೆ ತೋರಿಸಿ ‘ಭೂಮಿ ಬಿಸಿಯಾಗಿದ್ದಕ್ಕೇ ಇದು ಬಂತು’ ಅಂತಲೂ ಬರೆದುಬಿಡಬೇಡ. 1850–1900ರ ಕಾಲಕ್ಕೆ ಹೋಲಿಸಿದರೆ 2011–2020ರ ಹೊತ್ತಿಗೆ ಭೂಮಿ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ. ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಮಳೆ ಬಂದಾಗ ಜೋರಾಗಿ ಸುರಿಯುವ ಸಂಭವ ಹೆಚ್ಚು. ಇಷ್ಟನ್ನು ಗಟ್ಟಿಯಾಗಿ ಹೇಳು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿಯಿತಲ್ಲ, ಆಗ ಮಳೆಯೇ ಕಾರಣ ಅಂದವರಿದ್ದರು, ಮನುಷ್ಯರೇ ಕಾರಣ ಅಂದವರೂ ಇದ್ದರು. ದಿನಗಟ್ಟಲೆ ಮಳೆ ಸುರಿದದ್ದು ನಿಜ. ಇಳಿಜಾರು ಕಡಿದು ರಸ್ತೆ, ಕಟ್ಟಡ ಮಾಡಿದ್ದೂ ನಿಜ. ಮಳೆಯೊಂದನ್ನೇ ಬರೆದರೆ ಗುಡ್ಡ ಕಡಿದವರು ತಪ್ಪಿಸಿಕೊಳ್ಳುತ್ತಾರೆ. ಮನೆ ಕಳೆದುಕೊಂಡವರಿಗೆ ಅದರಿಂದ ಅನ್ಯಾಯ.

ಮೊದಲ ಮೂರು ಪುಟ ಸದ್ಯಕ್ಕೆ ಎತ್ತಿಡು. ಟಾರ್ಪಾಲ್ ಹಿಡಿದು ಓಡುವ ಅಜ್ಜನಿಂದಲೇ ಶುರು ಮಾಡು. ಟಾರ್ಪಾಲಿನ ಇನ್ನೊಂದು ತುದಿ ಯಾರ ಕೈಯಲ್ಲಿತ್ತು ಅಂತ ಅವರನ್ನು ಕೇಳು. ಒಬ್ಬರೇ ಹೊದಿಸುವ ಕೆಲಸ ಅಲ್ಲ ಅದು. ಆ ಇನ್ನೊಬ್ಬರನ್ನು ಹುಡುಕಿ ಮಾತಾಡಿಸಿಕೊಂಡು ಬಂದಮೇಲೆ ನನಗೆ ಬರೆ. ಕಾಯುತ್ತಿರುತ್ತೇನೆ.

ನಿನ್ನ ಅಕ್ಕ